ಬೆಳೆಸಾಲದ ಖಾತೆ: ವಾಯಿದೆ ತಪ್ಪಿದರೆ ಆಗುವ ನಷ್ಟ

ಬೀಜದ ಪ್ರಮಾಣ, ಗೊಬ್ಬರದ ಕಂತು, ಕಳೆನಾಶಕ ಸಿಂಪಡಿಸುವ ಕಾಲ ಇವುಗಳ ಬಗ್ಗೆ ರೈತ ಬಾಂಧವರು ನಮ್ಮನ್ನು ಬಹಳ ಸೂಕ್ಷ್ಮವಾಗಿ ಪ್ರಶ್ನಿಸುತ್ತಾರೆ. ಆದರೆ ಪಾಸು ಪುಸ್ತಕವನ್ನು ಬೇಸಾಯ ಶಾಸ್ತ್ರಜ್ಞನ ಮುಂದೆ ಹಿಡಿಯುವವರು ಕಡಿಮೆ. ಅದು ಸಹಜವೇ. ಆದರೂ ಎಕರೆಗೆ ಅರ್ಧ ಕ್ವಿಂಟಲ್ ಇಳುವರಿ ಹೆಚ್ಚಿಸಲು ವರ್ಷವಿಡೀ ಶ್ರಮಿಸಿದ ರೈತನು ಅಷ್ಟೇ ಬೆಲೆಯ ಹಣವನ್ನು ಬ್ಯಾಂಕಿನ ಲೆಕ್ಕದಲ್ಲಿ ಅರಿವಿಲ್ಲದೆ ಕಳೆದುಕೊಳ್ಳುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ.

ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕ್ಷೇತ್ರೋತ್ಸವ ಮುಗಿದ ಮೇಲೆ ಒಬ್ಬ ರೈತರು ತಮ್ಮ ಎರಡು ಪಾಸು ಪುಸ್ತಕಗಳನ್ನು ತಂದು ತೋರಿಸಿದರು. ಒಂದು ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲದ ಖಾತೆ, ಇನ್ನೊಂದು ಅದೇ ಶಾಖೆಯ ಉಳಿತಾಯ ಖಾತೆ. ಜೂನ್ 10ರಂದು ಅವರು ಸೋಯಾಅವರೆ ಮತ್ತು ಗೋವಿನಜೋಳದ ಸಾಗುವಳಿಗಾಗಿ 1,20,000 ರೂ. ತೆಗೆದಿದ್ದರು. ಮಾಲು ಮಾರಿದ ಹಣ ನವೆಂಬರ್ 7ರಂದು ಉಳಿತಾಯ ಖಾತೆಗೆ ಜಮೆಯಾಗಿತ್ತು. ಸಾಲದ ವಾಯಿದೆ ಮುಂದಿನ ಜೂನ್ 9. ಅವರು ಬ್ಯಾಂಕಿಗೆ ಹೋದದ್ದು ಜೂನ್ 18ರಂದು. ಅಷ್ಟರಲ್ಲಿ ಸಾಲವು ಸುಸ್ತಿಯಾಗಿ ಬಡ್ಡಿ ರಿಯಾಯಿತಿ ತಪ್ಪಿಹೋಗಿತ್ತು.

"ದುಡ್ಡು ಅದ ಬ್ಯಾಂಕಿನ್ಯಾಗ ಇತ್ತಲ್ರೀ ಸಾಹೇಬ್ರ, ಅವ್ರ ಹಿಡಕೊಂತಾರ ಅಂತ ತಿಳಕೊಂಡಿದ್ದೆ" ಎಂದು ಅವರು ಹೇಳಿದರು.

ಈ ತಿಳುವಳಿಕೆ ತಪ್ಪು. ನೀವು ಬರೆದುಕೊಟ್ಟ ಹೊರತು ಉಳಿತಾಯ ಖಾತೆಯ ಹಣ ಬೆಳೆಸಾಲದ ಖಾತೆಗೆ ವಾಯಿದೆಯ ದಿನ ತಾನಾಗಿಯೇ ಹೋಗುತ್ತದೆಂದು ನಂಬಿ ಕೂರಬಾರದು. ಎರಡೂ ಖಾತೆಗಳು ಒಂದೇ ಹೆಸರಿನಲ್ಲಿ, ಒಂದೇ ಶಾಖೆಯಲ್ಲಿದ್ದರೂ ಲೆಕ್ಕ ಬೇರೆ ಬೇರೆ.

ನಷ್ಟದ ಲೆಕ್ಕ

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯು 1998ರಲ್ಲಿ ಜಾರಿಗೆ ಬಂದಿತು. ಇದರಡಿ ಕೊಡುವ ಅಲ್ಪಾವಧಿ ಬೆಳೆಸಾಲವು ಓವರ್‌ಡ್ರಾಫ್ಟಿನ ಜಾತಿಗೆ ಸೇರಿದ್ದು. ಅಂದರೆ ಮಂಜೂರಾದ ಮಿತಿಯೊಳಗೆ ಎಷ್ಟು ಸಲವಾದರೂ ತೆಗೆಯಬಹುದು, ಎಷ್ಟು ಸಲವಾದರೂ ಕಟ್ಟಬಹುದು. ಬಡ್ಡಿ ಬೀಳುವುದು ಮಿತಿಯ ಮೇಲಲ್ಲ. ತೆಗೆದ ಹಣದ ಮೇಲೆ, ಅದು ಬಾಕಿ ಇದ್ದ ದಿನಗಳಿಗೆ ಮಾತ್ರ. 2025-26ನೇ ಸಾಲಿನಲ್ಲಿ 3 ಲಕ್ಷ ರೂ.ವರೆಗಿನ ಸಾಲಕ್ಕೆ ಬಡ್ಡಿಯ ದರ ಶೇ. 7. ವಾಯಿದೆಯೊಳಗೆ ಕಟ್ಟಿದವರಿಗೆ ಕೇಂದ್ರ ಸರ್ಕಾರದ ಶೇ. 3ರ ರಿಯಾಯಿತಿ ದೊರೆತು ನಿಜವಾಗಿ ಬೀಳುವುದು ಶೇ. 4 ಮಾತ್ರ. ಈ ರಿಯಾಯಿತಿಯು ಸರ್ಕಾರದ ಆದೇಶಕ್ಕೆ ಒಳಪಟ್ಟಿರುವುದರಿಂದ ಆಯಾ ವರ್ಷದ ದರವನ್ನು ಶಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಈಗ ಆ ರೈತರ ಲೆಕ್ಕಕ್ಕೆ ಬರೋಣ. ನವೆಂಬರ್ 7ರಂದೇ ಹಣವನ್ನು ಬೆಳೆಸಾಲದ ಖಾತೆಗೆ ಕಟ್ಟಿದ್ದರೆ 150 ದಿನಗಳಿಗೆ ಶೇ. 4ರಂತೆ ಸುಮಾರು 1,973 ರೂ. ಬಡ್ಡಿಯಾಗುತ್ತಿತ್ತು. ಜೂನ್ 9ರವರೆಗೆ ಕಾದು ಅಂದು ಕಟ್ಟಿದ್ದರೂ 364 ದಿನಗಳಿಗೆ ಸುಮಾರು 4,787 ರೂ.ಗೆ ಮುಗಿಯುತ್ತಿತ್ತು. ವಾಯಿದೆ ಮೀರಿದ್ದರಿಂದ ಅದೇ 364 ದಿನಗಳಿಗೆ ಶೇ. 7ರಂತೆ 8,377 ರೂ. ಬಿದ್ದಿತು, ಕೊನೆಯ ಒಂಬತ್ತು ದಿನಗಳಿಗೆ ಬ್ಯಾಂಕಿನ ಸಾಮಾನ್ಯ ದರ ಬೇರೆ. ಇತ್ತ ಉಳಿತಾಯ ಖಾತೆಯಲ್ಲಿದ್ದ ಹಣಕ್ಕೆ ಶೇ. 2.5ರಂತೆ ಬಂದ ಬಡ್ಡಿ ಸುಮಾರು 1,833 ರೂ. ಅದನ್ನು ಕಳೆದರೂ ನವೆಂಬರಿನಲ್ಲಿ ಕಟ್ಟಿದ್ದಕ್ಕಿಂತ ನಾಲ್ಕೂವರೆ ಸಾವಿರ ರೂ.ಗೂ ಮೇಲ್ಪಟ್ಟು ನಷ್ಟ. ಒಂದು ಕ್ವಿಂಟಲ್ ಸೋಯಾಅವರೆಯ ಬೆಲೆಗೆ ಇದು ಹತ್ತಿರ ಬರುತ್ತದೆ. ಒಂದು ಕ್ವಿಂಟಲ್ ಬೆಳೆಯಲು ಏನೆಲ್ಲ ಬೇಕೆಂಬುದು ಓದುಗರಿಗೆ ಗೊತ್ತೇ ಇದೆ.

ಹಣ ಕೈಗೆ ಬಂದ ಕೂಡಲೇ ಕಟ್ಟಲು ರೈತರು ಹಿಂಜರಿಯುವುದಕ್ಕೆ ಕಾರಣಗಳಿಲ್ಲದಿಲ್ಲ. "ಒಮ್ಮೆ ಕಟ್ಟಿದರೆ ಮತ್ತೆ ಕೊಡುತ್ತಾರೆಂಬ ಭರವಸೆ ಏನು?" ಎಂಬುದು ಮೊದಲನೆಯದು. ಖಾತೆಯು ಸುಸ್ತಿಯಾಗದೆ, ಮಿತಿಯು ಚಾಲ್ತಿಯಲ್ಲಿರುವಾಗ ಕಟ್ಟಿದ ಹಣವನ್ನು ಹಿಂಗಾರಿಯ ಕಡಲೆಗೋ ಜೋಳಕ್ಕೋ ಮತ್ತೆ ತೆಗೆಯಲು ಈ ಖಾತೆಯಲ್ಲಿ ಅವಕಾಶವಿದೆ. ಹೀಗಿದ್ದರೂ ಕೆಲವು ಶಾಖೆಗಳಲ್ಲಿ ವರ್ಷಕ್ಕೊಮ್ಮೆ ತೆಗೆದು ವರ್ಷಕ್ಕೊಮ್ಮೆ ಕಟ್ಟುವ ಹಳೆಯ ರೂಢಿಯೇ ನಡೆದುಬಂದಿದೆ. ಆದ್ದರಿಂದ ಕಟ್ಟುವ ಮುನ್ನ, ಎಷ್ಟು ಹಣವನ್ನು ಯಾವಾಗ ಮರಳಿ ತೆಗೆಯಬಹುದೆಂದು ವ್ಯವಸ್ಥಾಪಕರನ್ನು ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಸಾಲ ಮನ್ನಾದ ನಿರೀಕ್ಷೆ. 2008ರಲ್ಲಿ ಕೇಂದ್ರ ಸರ್ಕಾರ, 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಮನ್ನಾ ಘೋಷಿಸಿದ್ದು ನಿಜ. ಆದರೆ ಎರಡರ ನಡುವಿನ ಅಂತರ ಹತ್ತು ವರ್ಷ. ಅಷ್ಟು ಕಾಲ ಸುಸ್ತಿಯಾಗಿ ಉಳಿದವನಿಗೆ ಹೊಸ ಸಾಲದ ಬಾಗಿಲು ಮುಚ್ಚುತ್ತದೆ; ಆತ ಕೈಗಡಕ್ಕೆ ಹೋದರೆ ನೂರಕ್ಕೆ ತಿಂಗಳಿಗೆ ಮೂರು ರೂ. ಎಂದರೂ ವರ್ಷಕ್ಕೆ ಶೇ. 36 ಆಯಿತು. ಹೀಗೆ ಕಾಯುವುದನ್ನು ಲೇಖಕನು ಯಾರಿಗೂ ಸಲಹೆ ಮಾಡಲಾರ.

ವಾಯಿದೆಯ ದಿನ ಯಾವುದೆಂದು ಶಾಖೆಯಲ್ಲಿ ಕೇಳಿ, ಪಾಸು ಪುಸ್ತಕದ ರಟ್ಟಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ಸಾಲ ತೆಗೆದ ದಿನದಿಂದ 12 ತಿಂಗಳೊಳಗೆ ಕಟ್ಟಬೇಕೆಂಬುದು ಸಾಮಾನ್ಯ ನಿಯಮ. "ಯುಗಾದಿಯ ಹೊತ್ತಿಗೆ", "ಮಳೆಗಾಲದ ಮುಂಚೆ" ಎಂಬ ಅಂದಾಜು ಇಲ್ಲಿ ನಡೆಯದು.

ಉಳಿತಾಯ ಖಾತೆಯ ಶಿಲ್ಕು

ಜನಧನ ಖಾತೆಗೆ ಕನಿಷ್ಠ ಶಿಲ್ಕು ಇಡಬೇಕಾಗಿಲ್ಲ. ಸಾಮಾನ್ಯ ಉಳಿತಾಯ ಖಾತೆಗಳಲ್ಲಿ ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಈ ದಂಡವನ್ನು ಕೈಬಿಟ್ಟವು. ಕೈಬಿಡದ ಬ್ಯಾಂಕುಗಳೂ ಇವೆ. ಅಂತಹ ಬ್ಯಾಂಕು ಮೊದಲು ನಿಮಗೆ ತಿಳಿಸಿ ಒಂದು ತಿಂಗಳ ಅವಕಾಶ ಕೊಡಬೇಕೆಂದೂ, ಈ ದಂಡದ ಕಾರಣದಿಂದಲೇ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದೆಂದೂ ರಿಸರ್ವ್ ಬ್ಯಾಂಕು 2014ರಲ್ಲಿ ಆದೇಶಿಸಿದೆ. ಪಾಸು ಪುಸ್ತಕದಲ್ಲಿ ಹಾಗೆ ಕಂಡುಬಂದರೆ ಪ್ರಶ್ನಿಸಿ.

ದಂಡವಿಲ್ಲವೆಂದು ಖಾತೆಯನ್ನು ಪೂರ್ತಿ ಬರಿದು ಮಾಡುವುದೂ ಸರಿಯಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು 20 ರೂ., ಜೀವನಜ್ಯೋತಿಯದು 436 ರೂ. ಇವೆರಡನ್ನೂ ಮೇ ಕೊನೆಯಿಂದ ಜೂನ್ 1ರ ಸುಮಾರಿಗೆ ಖಾತೆಯಿಂದ ತೆಗೆಯುತ್ತಾರೆ. ರೋಹಿಣಿ ಮಳೆಯ ಆ ದಿನಗಳಲ್ಲಿ ಬೀಜ, ಗೊಬ್ಬರಕ್ಕೆಂದು ಹಣ ತೆಗೆದು ರೈತನ ಖಾತೆ ವರ್ಷದಲ್ಲಿಯೇ ಅತಿ ಬರಿದಾಗಿರುತ್ತದೆ! ಶಿಲ್ಕು ಸಾಲದಿದ್ದರೆ ವಿಮೆ ನಿಂತುಹೋಗುತ್ತದೆ. ಲೇಖಕನ ತಾಯಿಯವರ ಖಾತೆಯಲ್ಲಿ ಒಂದು ವರ್ಷ 11 ರೂ. ಮಾತ್ರವಿದ್ದು 20 ರೂ. ಕಂತು ಹೋಗಲಿಲ್ಲ, ಮನೆಯಲ್ಲಿ ಅದು ಗೊತ್ತಾದದ್ದು ದೀಪಾವಳಿಗೆ. ಅಪಘಾತದ ಸಾವಿಗೆ 2 ಲಕ್ಷ ರೂ. ಕೊಡುವ ಈ ವಿಮೆಯು ಹಾವು ಕಚ್ಚಿ ಸತ್ತವರ ಕುಟುಂಬಕ್ಕೂ ಅನ್ವಯಿಸುತ್ತದೆ. ಹೊಲದಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ಮೇ ತಿಂಗಳಲ್ಲಿ ಐನೂರು ರೂ. ಖಾತೆಯಲ್ಲಿ ಮುಟ್ಟದೆ ಬಿಟ್ಟರೆ ಸಾಕು.

ಜನಧನ ಖಾತೆಯ ಮೇಲೆ 10,000 ರೂ.ವರೆಗೆ ಓವರ್‌ಡ್ರಾಫ್ಟ್ ದೊರೆಯಬಹುದು. ಇದನ್ನು ಸರ್ಕಾರ ಕೊಟ್ಟ ಸಹಾಯಧನವೆಂದು ತಿಳಿದವರಿದ್ದಾರೆ. ಇದು ಬಡ್ಡಿಯ ಸಾಲ. ಶಿಲ್ಕು ಸೊನ್ನೆಗಿಂತ ಕೆಳಗಿರುವಾಗ ಬಂದ ಜಮೆ ಮೊದಲು ಆ ತಗ್ಗನ್ನು ತುಂಬಿ, ಉಳಿದರೆ ಮಾತ್ರ ನಿಮ್ಮ ಕೈಗೆ ಸಿಗುತ್ತದೆ.

ಎರಡು ವರ್ಷ ಯಾವ ವ್ಯವಹಾರವನ್ನೂ ಮಾಡದೆ ಬಿಟ್ಟ ಖಾತೆ ನಿಷ್ಕ್ರಿಯವಾಗುತ್ತದೆ. ಬಳಸದ ಖಾತೆಗಳಿದ್ದರೆ ಮುಚ್ಚಿಸುವುದು ಲೇಸು. ಬ್ಯಾಂಕುಗಳ ವಿಲೀನದಿಂದಲೂ ಗೊಂದಲವಾಗಿದೆ. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕುಗಳು ಒಂದಾದವು. ಇಂತಹ ಬ್ಯಾಂಕಿನ ಖಾತೆದಾರರು ಹಳೆಯ ಚೆಕ್ಕು ಪುಸ್ತಕ ಮತ್ತು ಐ.ಎಫ್.ಎಸ್.ಸಿ. ಸಂಖ್ಯೆ ಈಗ ನಡೆಯುತ್ತವೆಯೇ ಎಂದು ವಿಚಾರಿಸಿ, ಮಂಡಿಯ ದಲ್ಲಾಳರಿಗೂ ಸರಿಯಾದ ಸಂಖ್ಯೆಯನ್ನೇ ಕೊಡಬೇಕು.

ಬೆಳೆವಿಮೆಯ ಕಂತು

ಬೆಳೆಸಾಲ ಪಡೆದವರ ಖಾತೆಯಿಂದ ಫಸಲ್ ಬಿಮಾ ಕಂತನ್ನು ಬ್ಯಾಂಕೇ ತೆಗೆಯುತ್ತದೆ. 2020ರ ಮುಂಗಾರಿನಿಂದ ಇದು ಐಚ್ಛಿಕ. ಬೇಡವೆನ್ನುವವರು ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡಬೇಕು. ವಿಮೆ ಬೇಕೆನ್ನುವವರು ನೋಡಬೇಕಾದದ್ದು ಬೆಳೆಯ ಹೆಸರನ್ನು. ಕಳೆದ ವರ್ಷದ ದಾಖಲೆಯಂತೆ ಹೆಸರುಕಾಳು ಎಂದು ಬರೆದು, ಹೊಲದಲ್ಲಿ ಗೋವಿನಜೋಳವಿದ್ದರೆ ಪರಿಹಾರದ ಕಾಲದಲ್ಲಿ ತೊಡಕು ತಪ್ಪದು. ಬಿತ್ತಿದ ಬೆಳೆ ಬದಲಾಗಿದ್ದರೆ ಕೊನೆಯ ದಿನಕ್ಕೆ ಕನಿಷ್ಠ ಎರಡು ದಿನ ಮುಂಚೆಯೇ ಶಾಖೆಗೆ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು.

ತಿಂಗಳಿಗೊಮ್ಮೆ ಪಾಸು ಪುಸ್ತಕ ಮುದ್ರಿಸಿ, ಖರ್ಚಿನ ಕಲಮನ್ನು ಮನೆಯಲ್ಲಿ ಓದಬಲ್ಲ ಮಕ್ಕಳಿಂದ ಸಾಲು ಸಾಲಾಗಿ ಓದಿಸಿ. ನೀವು ಮಾಡದ ಖರ್ಚು ಕಂಡರೆ ಅಂದೇ ಶಾಖೆಗೆ ತಿಳಿಸಿ, ಏಕೆಂದರೆ ತಡವಾದಷ್ಟೂ ನಷ್ಟದ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಲಿಖಿತ ದೂರಿಗೆ 30 ದಿನಗಳೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ದೂರಿನೊಂದಿಗೆ ಬ್ಯಾಂಕಿಗೆ ಕೊಟ್ಟ ಅರ್ಜಿಯ ಮೊಹರು ಹಾಕಿದ ಪ್ರತಿಯನ್ನು ಲಗತ್ತಿಸಬೇಕು.