ಸೈನ್ಸ್ ತಗೊಂಡವರು ಕಥೆ ಬರೆಯಬಹುದೇ?



ಪಿಯುಸಿ ಪ್ರವೇಶ ಮುಗಿದ ಮೇಲೆ ಪ್ರತಿ ವರ್ಷ ಒಬ್ಬಿಬ್ಬರಾದರೂ ಬಂದು ನನ್ನನ್ನು ಕೇಳುತ್ತಾರೆ: "ಸರ್, ನಾ ಸೈನ್ಸ್ ತಗೊಂಡೀನಿ. ಇನ್ನ ಕಥಿ ಬರಿಯೋದು ಬಿಡಬೇಕೇನ್ರಿ?" ಬಸವಕಲ್ಯಾಣದವರೂ ಕೇಳುತ್ತಾರೆ, ಹುಮನಾಬಾದ್‌ನಿಂದ ಬಸ್ಸಿಗೆ ಬರುವವರೂ ಕೇಳುತ್ತಾರೆ. ಮನೆಯಲ್ಲಿ ನೀಟ್, ಸಿಇಟಿ ಎಂಬ ಎರಡೇ ಮಾತು. ಕಥೆ ಬರೆದ ನೋಟುಬುಕ್ಕು ಟ್ರಂಕಿನ ತಳ ಸೇರುತ್ತದೆ. ಕನ್ನಡ ಕಲಿಸುವವನಾಗಿ ಈ ಪ್ರಶ್ನೆಗೆ ನನ್ನ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಾ. ಕೆ.ಎನ್. ಗಣೇಶಯ್ಯ ಅವರ ಹೆಸರು ನೀವು ಕೇಳಿರಬಹುದು. ಅವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಸ್ಯ ವಿಜ್ಞಾನಿ. ಕಥೆ, ಕಾದಂಬರಿಗೆ ಕೈ ಹಾಕಿದ್ದು ವಿಜ್ಞಾನಿಯಾಗಿ ಹೆಸರು ಮಾಡಿ ಎಷ್ಟೋ ವರ್ಷಗಳಾದ ಮೇಲೆ. 'ಶಾಲಭಂಜಿಕೆ', 'ಕನಕ ಮುಸುಕು', 'ಕರಿಸಿರಿಯಾನ' ಹೀಗೆ ಬಂದ ಪುಸ್ತಕಗಳು.

ಅವರ ವಿಜ್ಞಾನದ ಒಂದು ಕೆಲಸವನ್ನು ನೋಡೋಣ. ಶೀಶಮ್ ಮರದ ಕಾಯಿಯಲ್ಲಿ ಮೊದಲು ನಾಲ್ಕೈದು ಅಂಡಕಗಳಿರುತ್ತವೆ. ಕಾಯಿ ಬಲಿಯುವ ಹೊತ್ತಿಗೆ ಸಾಮಾನ್ಯವಾಗಿ ಒಂದೇ ಬೀಜ ಉಳಿದಿರುತ್ತದೆ. ಉಳಿದವುಗಳನ್ನು ಕೊಂದವರು ಯಾರು? ತಾಯಿಮರವೋ, ಒಡಹುಟ್ಟಿದ ಬೀಜವೋ? ಗಣೇಶಯ್ಯ ಮತ್ತು ಉಮಾಶಂಕರ್ 1988ರಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನದ ಪ್ರಶ್ನೆ ಇದು. ಮೊದಲು ಬೆಳೆಯತೊಡಗಿದ ಬೀಜವೇ ತನ್ನ ಒಡಹುಟ್ಟಿದವುಗಳನ್ನು ಬೆಳೆಯಗೊಡುವುದಿಲ್ಲ ಎಂಬುದರ ಕಡೆಗೆ ಅವರ ಪ್ರಯೋಗಗಳು ಬೆರಳು ತೋರಿಸಿದವು.

ಇದನ್ನು ಓದಿದಾಗ ನನಗೆ ಪತ್ತೇದಾರಿ ಕಥೆ ಓದಿದಂತೆಯೇ ಆಯಿತು. ಒಂದು ಸಾವು, ಇಬ್ಬರ ಮೇಲೆ ಅನುಮಾನ, ಸಾಕ್ಷಿಯ ಹುಡುಕಾಟ. ಇಂಥ ಪ್ರಶ್ನೆಗಳ ಜೊತೆ ವರ್ಷಗಟ್ಟಲೆ ಬದುಕಿದವರಿಗೆ ರೋಚಕ ಕಾದಂಬರಿಯ ದಾರಿ ಪೂರ್ತಿ ಹೊಸದಾಗಿರಲಿಕ್ಕಿಲ್ಲ.

'ಕನಕ ಮುಸುಕು' ಕಾದಂಬರಿಯನ್ನೇ ತೆಗೆದುಕೊಳ್ಳಿ. ನಾವು ಮೆಕ್ಕೆಜೋಳ ಎನ್ನುವ ಮುಸುಕಿನ ಜೋಳದ ತವರು ಅಮೆರಿಕ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಆದರೆ ಸೋಮನಾಥಪುರದ ಹೊಯ್ಸಳ ದೇವಾಲಯ ಕಟ್ಟಿದ್ದು ಹದಿಮೂರನೇ ಶತಮಾನದಲ್ಲಿ, ಅಲ್ಲಿಯ ಶಿಲ್ಪಗಳ ಕೈಯಲ್ಲಿ ತೆನೆಯಂಥದ್ದೊಂದು ಇದೆ. ಅದು ಮೆಕ್ಕೆಜೋಳವೇ ಎಂದು ಕೆಲವರು, ಅಲ್ಲ, ಮುತ್ತು ಜೋಡಿಸಿದ ಮುಕ್ತಾಫಲ ಎಂದು ಕೆಲವರು. ಸಾವಿರಾರು ಜನ ನೋಡಿ ಮುಂದೆ ಹೋದ ಶಿಲ್ಪದ ಎದುರು ಸಸ್ಯ ಬಲ್ಲವರು ನಿಂತುಬಿಡುತ್ತಾರೆ. ನಿಂತಲ್ಲಿಂದ ಕಾದಂಬರಿ ಶುರುವಾಗುತ್ತದೆ.

ಹಾಗಾದರೆ ಎಲ್ಲರೂ ತಡವಾಗಿಯೇ ಬರೆಯಬೇಕೇ? ಹಾಗೇನಿಲ್ಲ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿ ದುಡಿಯುತ್ತಲೇ ಬರೆದರು. 1979ರ 'ಶಿಕಾರಿ'ಯ ನಾಗಪ್ಪ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ಆ ಆಫೀಸಿನ ಭಯ ಒಳಗಿದ್ದು ಕಂಡವರಿಗೆ ಮಾತ್ರ ಸಿಗುವಂಥದ್ದು. ನಮ್ಮ ಕಲ್ಯಾಣ ಕರ್ನಾಟಕದ ಸಂಡೂರಿನ ವಸುಧೇಂದ್ರ ಎಂಜಿನಿಯರಿಂಗ್ ಓದಿ, ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಕಡೆಗೆ ಬರವಣಿಗೆಗಾಗಿ ಆ ಕೆಲಸ ಬಿಟ್ಟರು. ಒಬ್ಬೊಬ್ಬರದು ಒಂದೊಂದು ದಾರಿ.

"ನಮ್ಮ ಮನೆಮಾತು ಉರ್ದು ಅಲ್ಲವೇ ಸರ್?" ಎನ್ನುವವರಿಗೂ ಒಂದು ಮಾತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ. ಬರೆದದ್ದು ಕನ್ನಡದಲ್ಲಿ, ಅದೂ ನಲವತ್ತು ದಾಟಿದ ಮೇಲೆ. ಅವರ 'ಚಂದ್ರಗಿರಿಯ ತೀರದಲ್ಲಿ' 1984ರಲ್ಲಿ ಪುಸ್ತಕವಾಗಿ ಬಂತು.

ಒಂದು ಎಚ್ಚರಿಕೆ ಮಾತ್ರ ಬೇಕು. ಬಹಳ ತಿಳಿದವರು ಕಥೆ ಬರೆಯುವಾಗ ತಿಳಿದದ್ದನ್ನೆಲ್ಲ ಅದರಲ್ಲಿ ತುಂಬುತ್ತಾರೆ. ಆಗ ಅದು ಪ್ರಯೋಗದ ರೆಕಾರ್ಡ್ ಆಗುತ್ತದೆ. ರೆಕಾರ್ಡಿನಲ್ಲಿ ಏನಾಯಿತು ಎಂದಿದ್ದರೆ ಸಾಕು. ಕಥೆಯಲ್ಲಿ ಅದು ಯಾರಿಗಾಯಿತು, ಅದರಿಂದ ಅವರು ಏನು ಕಳೆದುಕೊಂಡರು ಎಂಬುದು ಬೇಕು. ಬೋರ್‌ವೆಲ್ಲಿನ ಆಳ ಎಷ್ಟು ಅಡಿ ಎಂಬುದು ಮಾಹಿತಿ. ಅದನ್ನು ಕೊರೆಸಲು ಅಮ್ಮಿ ತನ್ನ ಬಳೆ ಮಾರಿದ್ದಾಳೆ ಎಂದಾಗ ಕಥೆ.

ಈಗ ಅಭ್ಯಾಸ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ ಬನ್ನಿ. ಅಲ್ಲಿಯ ಹಳೆಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಹೆಣ್ಣು ಶಾಸನ ಬರೆಯುತ್ತಿರುವ ಶಿಲ್ಪವಿದೆ. ಅವಳು ಬರೆಯುತ್ತಿರುವುದು ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಹೊಗಳಿಕೆ.

1. ಕಣ್ಣಿಗೆ ಕಂಡದ್ದನ್ನಷ್ಟೇ ಹತ್ತು ವಾಕ್ಯ ಬರೆಯಿರಿ: ನಿಂತ ಭಂಗಿ, ಕೈ, ಕಲ್ಲು, ಅಕ್ಷರ. "ಸುಂದರ" ಎಂಬ ಪದ ಬೇಡ.
2. ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆಯಿರಿ.
3. ಆ ಉತ್ತರ ಸಿಗದಿದ್ದರೆ ನಷ್ಟ ಅನುಭವಿಸುವ ಒಬ್ಬ ಮನುಷ್ಯನನ್ನು ಕಲ್ಪಿಸಿ, ಒಂದು ಪುಟ ಬರೆಯಿರಿ.

ಹೋಗಲಾಗದವರು ಅಬ್ಬಾನ ಗ್ಯಾರೇಜು, ಹೊಲಿಗೆ ಅಂಗಡಿ, ಕಾಲೇಜಿನ ಲ್ಯಾಬು, ಯಾವುದನ್ನಾದರೂ ಆರಿಸಿಕೊಳ್ಳಬಹುದು. ಫಿಸಿಕ್ಸ್, ಕೆಮಿಸ್ಟ್ರಿ ಚೆನ್ನಾಗಿ ಓದಿ. ಜೊತೆಗೆ ವಾರಕ್ಕೆ ಒಂದು ಪುಟ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಬರೆದದ್ದನ್ನು ಸ್ಟಾಫ್ ರೂಮಿಗೆ ತಂದರೆ ಕೂತು ಓದೋಣ.