ಬಾಡಿಗೆ ತಡವಾದರೆ ಬೀಗ ಜಡಿಯುವಂತಿಲ್ಲ

ಐದನೇ ತಾರೀಖಿನೊಳಗೆ ಬಾಡಿಗೆ ಕೊಡಬೇಕೆಂದು ಕರಾರಿನಲ್ಲಿದ್ದರೆ, ಆರನೇ ತಾರೀಖು ಕೇಳುವ ಹಕ್ಕು ಮಾಲೀಕರಿಗಿದೆ. ಅದನ್ನು ಕಟುಕತನ ಎನ್ನಲಾಗದು. ನಿವೃತ್ತರಾದ ಎಷ್ಟೋ ಮಂದಿಯ ಔಷಧಿ ಖರ್ಚು ನಡೆಯುವುದೇ ಮಹಡಿಮನೆಯ ಬಾಡಿಗೆಯಿಂದ. ಆದರೆ ಬಾಡಿಗೆದಾರರು ಕೆಲಸಕ್ಕೆ ಹೋದಾಗ ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಪಾತ್ರೆ-ಪಗಡಿ ಬೀದಿಗಿಡುವುದು ಇವಕ್ಕೆ ಎಷ್ಟು ತಿಂಗಳ ಬಾಕಿಯಿದ್ದರೂ ಕಾನೂನಿನ ಬೆಂಬಲವಿಲ್ಲ. ಮಾಲೀಕರ ಪರವಾಗಿ ಮನೆ ನೋಡಿಕೊಳ್ಳುವ ಏಜೆಂಟರಿಗೂ ಇಲ್ಲ.

ಹೀಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ಹೊರಹಾಕಿದರೇ ಎಂಬುದಷ್ಟೇ ವಿಚಾರಣೆಯ ವಿಷಯ.

ಹಾಗಾದರೆ ಮಾಲೀಕರ ದಾರಿ ಯಾವುದು? ನೋಟಿಸು, ಆಮೇಲೆ ನ್ಯಾಯಾಲಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಗಳಲ್ಲಿ, ಬಾಕಿ ಕೇಳಿ ನೋಟಿಸು ತಲುಪಿದ ಮೇಲೆ ತೀರಿಸಲು 2 ತಿಂಗಳ ಕಾಲಾವಕಾಶವಿದೆ. ಒಮ್ಮೆ ಈ ಅವಕಾಶ ಪಡೆದವರು ಮತ್ತೆ ಬಾಕಿ ಉಳಿಸಿಕೊಂಡರೆ ಅದು ಸಿಗದು. ಇದು ನ್ಯಾಯವಾದ ಏರ್ಪಾಡೆಂದೇ ನನ್ನ ಅಭಿಪ್ರಾಯ. ತೊಡಕೆಂದರೆ, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ರೂಪಾಯಿಯ ಮಿತಿ ದಾಟಿದ ಮನೆಗಳಿಗೆ ಈ ಕಾಯ್ದೆಯ ರಕ್ಷಣೆಯಿಲ್ಲ. ಇಂದಿನ ಬಾಡಿಗೆದಾರರಲ್ಲಿ ಬಹುಪಾಲು ಜನ ಹೊರಗುಳಿಯುವುದು ಇಲ್ಲಿಯೇ.

ಅವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯ ಮನೆಯಾದರೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದಾಗ, 15 ದಿನದ ನೋಟಿಸು ಸಾಕು. ಆದರೂ ಖಾಲಿ ಮಾಡದಿದ್ದರೆ ದಾವೆಯೇ ಹೂಡಬೇಕು. ಬಾಕಿಯ ಕಾರಣಕ್ಕೇ ಕರಾರು ರದ್ದುಮಾಡಿ ಹೂಡಿದ ದಾವೆಯಲ್ಲಿ, ಬಾಡಿಗೆದಾರರು ವಿಚಾರಣೆಯ ವೇಳೆ ಬಾಕಿ, ಬಡ್ಡಿ, ದಾವೆಯ ಖರ್ಚು ಕಟ್ಟಿದರೆ ಅವರನ್ನು ಉಳಿಸುವ ವಿವೇಚನೆಯನ್ನು 114ನೇ ಕಲಂ ನ್ಯಾಯಾಧೀಶರಿಗೆ ಕೊಟ್ಟಿದೆ.

ತಡವಾದ ದಿನಕ್ಕೆ ಇಷ್ಟು ದಂಡ ಎಂದು ಕರಾರಿನಲ್ಲಿ ಬರೆದಿದ್ದರೂ ಅದಷ್ಟೂ ವಸೂಲಾಗುವ ಭರವಸೆಯಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಆ ಮೊತ್ತ ಮೀರದ, ಸಮಂಜಸ ಪರಿಹಾರ ಮಾತ್ರ. ಬಾಡಿಗೆ ಬಾಕಿಗೆ ದಾವೆ ಹೂಡಲು 3 ವರ್ಷದ ಗಡುವಿದೆ.

ಬಾಡಿಗೆದಾರರೂ ಸುಮ್ಮನಿರಬಾರದು. ಅಡ್ವಾನ್ಸ್ ಇದೆಯಲ್ಲ ಎಂದು ಬಾಡಿಗೆ ನಿಲ್ಲಿಸುವುದು ಅಪಾಯ. ಸಂಬಳ ತಡವಾದರೆ ಯಾವ ದಿನ ಎಷ್ಟು ಕೊಡುತ್ತೇವೆಂದು ಬರೆದು ತಿಳಿಸಿ, ನಗದಿನ ಬದಲು ಬ್ಯಾಂಕಿನ ಮೂಲಕ ಕಟ್ಟಿ. ಲಾಯರ್ ಫೀಸಿಗೆ ದಿಕ್ಕಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.