ತೋಳ ಎನ್ನುವ ಮುನ್ನ ಬಾಲ ನೋಡಿ

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರಾಚೆಯ ಬಯಲಿಗೆ ಹೊರಡುವ ಹುಡುಗ ಹುಡುಗಿಯರು ಈಗ ಹೆಚ್ಚುತ್ತಿದ್ದೀರಿ. ನನಗೆ ಇದು ತುಂಬ ಸಂತೋಷದ ವಿಷಯ. ಹುಲಿ ನೋಡಲು ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕು. ಆದರೆ ತೋಳ, ಗುಳ್ಳೆನರಿ, ಸಣ್ಣ ನರಿ ಮೂರೂ ನಮ್ಮ ಬಯಲುಸೀಮೆಯ ಕುರುಚಲಿನಲ್ಲಿ, ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ಬದುಕಿಕೊಂಡಿವೆ. ಅವುಗಳನ್ನು ನೋಡಲು ಟಿಕೆಟ್ ಬೇಡ, ಜೀಪು ಬೇಡ. ಬೇಕಾದದ್ದು ಒಂದೇ: ಕಂಡದ್ದು ಯಾವುದು ಎಂದು ಸರಿಯಾಗಿ ಹೇಳುವ ಕಣ್ಣು. ಇದನ್ನು ಒತ್ತಿ ಹೇಳಲು ಕಾರಣವಿದೆ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಮಸುಕು ವಿಡಿಯೋ ಒಂದು ಬಂದು, ಅದರ ಕೆಳಗೆ ಯಾರಾದರೂ ‘ತೋಳ ಬಂದಿದೆ, ಹುಷಾರ್’ ಎಂದು ಬರೆದರೆ ಸಾಕು, ಸಂಜೆಯೊಳಗೆ ದೊಣ್ಣೆ ಹಿಡಿದವರು ಬಯಲಿಗೆ ಇಳಿದಿರುತ್ತಾರೆ. ಎಷ್ಟೋ ಸಲ ಅದು ಬೀದಿನಾಯಿಯಾಗಿರುತ್ತದೆ. ಅಷ್ಟರಲ್ಲಿ ಪೊದೆಯಿಂದ ಎದ್ದು ಓಡಿದ ಯಾವುದೋ ಪಾಪದ ಪ್ರಾಣಿ ಸತ್ತಿರುತ್ತದೆ.

ಮೊದಲು ಬಾಲ ನೋಡಿ. ನಮ್ಮ ನಾಡನಾಯಿಯ ಬಾಲ ಸಾಮಾನ್ಯವಾಗಿ ಮೇಲೆದ್ದು ಬೆನ್ನಿನ ಕಡೆ ಸುರುಳಿಯಾಗಿರುತ್ತದೆ. ತೋಳದ ಬಾಲ ನೇರವಾಗಿ ಕೆಳಗೆ ಇಳಿಬಿದ್ದಿರುತ್ತದೆ. ಆಮೇಲೆ ನಡಿಗೆ ನೋಡಿ. ತೋಳ ತಲೆಯನ್ನು ಬೆನ್ನಿನ ಮಟ್ಟಕ್ಕೆ ತಗ್ಗಿಸಿ, ಅತ್ತಿತ್ತ ಮೂಸದೆ, ಹೋಗಬೇಕಾದ ಕಡೆಗೇ ಹೋಗುತ್ತದೆ. ಕಾಲು ಉದ್ದ, ಎದೆ ಕಿರಿದು, ಕಣ್ಣು ಹಳದಿ. ಮೈ ಬೂದು ಬೆರೆತ ಕಂದು, ಬೆನ್ನ ಮೇಲಿನ ಕೂದಲಿಗೆ ಕಪ್ಪು ತುದಿ. ಬಯಲಿನ ತೋಳ ಸುಮಾರು 17ರಿಂದ 25 ಕಿಲೋ ತೂಗುತ್ತದೆ. ಸಿನಿಮಾದಲ್ಲಿ ಕಾಣುವ ಹಿಮಪ್ರದೇಶದ ದಪ್ಪ ತುಪ್ಪಳದ ತೋಳವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಎದುರಿಗಿರುವುದೂ ಗುರುತು ಸಿಗುವುದಿಲ್ಲ.

ಜಾಕಲ್ ಎನ್ನುವ ಗುಳ್ಳೆನರಿ ಅದರ ಅರ್ಧದಷ್ಟೂ ತೂಗದು, 7ರಿಂದ 11 ಕಿಲೋ ಅಷ್ಟೇ. ಕಾಲು ಗಿಡ್ಡ, ಬಾಲವೂ ಗಿಡ್ಡ, ಕಾಲುಗಳಲ್ಲಿ ಕೆಂಪು ಮಿಶ್ರಿತ ಕಂದು. ಸಂಜೆ ಒಂದು ಕೂಗಿದರೆ ಸುತ್ತಲಿನವೆಲ್ಲ ದನಿಗೂಡಿಸುತ್ತವೆ. ಕಬ್ಬಿನ ಗದ್ದೆಯ ಹತ್ತಿರ ಮನೆಯಿದ್ದವರಿಗೆ ಆ ಕೂಗು ಹೊಸದಲ್ಲ. ಫಾಕ್ಸ್ ಎನ್ನುವ ಸಣ್ಣ ನರಿಯಂತೂ ಎರಡು, ಮೂರು ಕಿಲೋದ ಜೀವ, ಬೆಕ್ಕಿಗಿಂತ ಅಷ್ಟಿಷ್ಟು ದೊಡ್ಡದು. ಅದರ ಗುರುತೆಲ್ಲ ಬಾಲದಲ್ಲಿದೆ: ಮೈಯುದ್ದದ ಅರ್ಧಕ್ಕೂ ಮೀರಿದ ಪೊದೆಬಾಲ, ತುದಿಯಲ್ಲಿ ಕಡುಕಪ್ಪು. ಮಿಡತೆ, ಗೆದ್ದಲು, ಇಲಿ ತಿಂದುಕೊಂಡು, ಹಲವು ಬಾಯಿಗಳ ಬಿಲದಲ್ಲಿ ಬದುಕುವ ಈ ಪುಟ್ಟ ಪ್ರಾಣಿಯಿಂದ ರೈತನಿಗೆ ಉಪಕಾರವೇ ಹೊರತು ಕೇಡಿಲ್ಲ. ಕೆಂಪು ಮೈ, ಕಪ್ಪು ಬಾಲದ ಸೀಳುನಾಯಿ ಕಾಡಿನದು. ಬಯಲಿನಲ್ಲಿ ಅದನ್ನು ಹುಡುಕಬೇಡಿ.

ಪ್ರಾಣಿ ಕಾಣದ ದಿನವೇ ಹೆಚ್ಚು. ಅಂಥ ದಿನ ನೆಲ ನೋಡಿ. ಮಳೆ ಬಂದು ನಿಂತ ಮರುದಿನ ಬಂಡಿದಾರಿಯ ಹದವಾದ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದರೆ ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಕಾಣುತ್ತವೆ. ಉಗುರು ಕಾಣದಿದ್ದರೆ ಬೆಕ್ಕಿನ ಜಾತಿ ಇರಬಹುದು. ತೋಳ, ನರಿಗಳು ಮುಂಗಾಲಿಟ್ಟ ಗುರುತಿನಲ್ಲೇ ಹಿಂಗಾಲನ್ನೂ ಇಡುತ್ತಾ ಹೋಗುವುದರಿಂದ ಹೆಜ್ಜೆಸಾಲು ದಾರ ಹಿಡಿದು ಎಳೆದಂತೆ ನೇರವಾಗಿರುತ್ತದೆ. ನಾಯಿಯ ಹೆಜ್ಜೆ ಆ ಕಲ್ಲಿಗೆ, ಈ ಗಿಡಕ್ಕೆ ಎಂದು ಸುತ್ತಾಡಿರುತ್ತದೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅಳತೆ ತಿಳಿಯುತ್ತದೆ. ಹಿಕ್ಕೆ ಸಿಕ್ಕರೆ ಕೈಯಲ್ಲಿ ಮುಟ್ಟದೆ ಕಡ್ಡಿಯಿಂದ ಬಿಡಿಸಿ ನೋಡಿ. ಎಲಚಿ ಬೀಜ, ಜೀರುಂಡೆಯ ಚಿಪ್ಪು ತುಂಬಿದ್ದರೆ ನರಿಯದ್ದಿರಬಹುದು. ಕುರಿಯ ಉಣ್ಣೆ, ಮೊಲದ ಕೂದಲು, ಮೂಳೆಚೂರು ಹೆಣೆದುಕೊಂಡು ಬೆಳ್ಳಗೆ ಒಣಗಿದ ದಪ್ಪ ಹಿಕ್ಕೆಯಾದರೆ ತೋಳದ ದಾರಿಯಲ್ಲಿದ್ದೀರಿ.

ಇದನ್ನೆಲ್ಲ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವವರು ಕುರಿಗಾಹಿಗಳು. ಹಟ್ಟಿಯ ಬಳಿ ಹೋದರೆ ಕ್ಯಾಮೆರಾ ಚೀಲದೊಳಗಿಟ್ಟು ಮಾತಿಗೆ ಕೂರಿ. ಅವರು ಮರಿ ಕಳೆದುಕೊಂಡವರು. ‘ತೋಳ ಎಷ್ಟು ಸುಂದರ’ ಎಂದು ಅವರ ಮುಂದೆ ಹೇಳುವುದು ಸಲ್ಲದು. ಕುರಿ ಸತ್ತ ಜಾಗವನ್ನು ನೋಡಲು ಕರೆದರೆ ಹೋಗಿ. ತೋಳ ಗಂಟಲಿಗೆ ಬಾಯಿ ಹಾಕಿ, ಮರಿಯನ್ನು ಹೊತ್ತೊಯ್ಯಲು ನೋಡುತ್ತದೆ. ನಾಯಿಹಿಂಡು ಹಿಂದಿನಿಂದ ತೊಡೆ, ಹೊಟ್ಟೆ ಎನ್ನದೆ ಕಂಡಲ್ಲೆಲ್ಲ ಕಚ್ಚಿರುತ್ತದೆ. ಕಾಡುಪ್ರಾಣಿ ಕೊಂದದ್ದು ಎಂದು ದೃಢಪಟ್ಟರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ನೀವು ತೆಗೆದುಕೊಟ್ಟ ಹೆಜ್ಜೆಯ, ಗಾಯದ ಫೋಟೋ ಆ ಬಡವನ ಅರ್ಜಿಗೆ ಆಧಾರವಾಗುತ್ತದೆ. ನೀವು ತೆಗೆಯಬಹುದಾದ ಫೋಟೋಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. ನೋಡಿದರೆ ಸರಿ, ಅಷ್ಟಕ್ಕೇ ನಿಲ್ಲಲಿ. ಸಂತೆಯಲ್ಲಿ ‘ನರಿಕೊಂಬು’ ಎಂದು ಮಾರುವುದು ಶುದ್ಧ ಮೋಸ. ನರಿಗೆ ಕೊಂಬಿಲ್ಲ. ಆ ಮೂಢನಂಬಿಕೆಗೆ ಗುಳ್ಳೆನರಿಗಳು ಸಾಯುತ್ತಿವೆ. ನಿಮ್ಮ ಮನೆಯಲ್ಲಿ ಯಾರಾದರೂ ಕೊಳ್ಳಲು ಹೊರಟರೆ ತಡೆಯಿರಿ.

ಇನ್ನು ನಾನು ಬೇಡಿಕೊಂಡಾದರೂ ಹೇಳಬೇಕಾದ ಮಾತು. ಮರಿ ಇರುವ ಬಿಲದ ಹತ್ತಿರ ಹೋಗಬೇಡಿ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ, ಸಣ್ಣ ನರಿಯ ಮರಿಗಳು ಬೇಸಿಗೆಯ ಮೊದಲಿಗೆ ಬಿಲದ ಬಾಯಿಗೆ ಬರುತ್ತವೆ. ಆ ದಿನಗಳಲ್ಲಿ ನಾಲ್ಕು ಜನ ಸುತ್ತ ಕೂತರೆ ತಾಯಿ ಮರಿಗಳನ್ನು ಬೇರೆಡೆಗೆ ಕಚ್ಚಿಕೊಂಡು ಹೋಗುತ್ತದೆ. ದಾರಿಯಲ್ಲಿ ನಾಯಿ, ರಸ್ತೆ, ಹದ್ದು ಎಲ್ಲ ಇವೆ. ಕೋಳಿಮಾಂಸ ಎಸೆದು ಕರೆಯುವುದು, ಬೈಕಿನಲ್ಲಿ ಅಟ್ಟುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ಫೋಟೋ ಹಂಚಿಕೊಳ್ಳುವಾಗ ಜಿಲ್ಲೆಯ ಹೆಸರು ಸಾಕು, ಲೊಕೇಶನ್ ಬೇಡ. ನಿಮ್ಮ ಜೀವದ ಬಗ್ಗೆಯೂ ಒಂದು ಮಾತು: ತೂರಾಡುತ್ತಾ, ಹೆದರದೆ ಹತ್ತಿರ ಬರುವ ನರಿಗೆ ರೇಬೀಸ್ ಇರಬಹುದು, ದೂರ ಸರಿಯಿರಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದೇ ತೋಳಗಳಿಗಾಗಿ. ಈಗ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ ಬಂಕಾಪುರ ತೋಳಧಾಮವಿದೆ. ಆದರೆ ನಮ್ಮ ಹೆಚ್ಚಿನ ತೋಳಗಳು ಇಂಥ ಬೇಲಿಗಳ ಒಳಗಿಲ್ಲ. ಸರ್ಕಾರಿ ಕಡತದಲ್ಲಿ ‘ಬಂಜರು’ ಎಂದು ಬರೆಸಿಕೊಂಡ ಹುಲ್ಲುಗಾವಲಿನಲ್ಲಿವೆ. ಆ ಬಂಜರಿಗೆ ಲೇಔಟು, ಸೋಲಾರ್ ಫಲಕ ಬರುವ ಮೊದಲು ಅಲ್ಲಿ ಯಾರು ವಾಸವಿದ್ದಾರೆ ಎಂದು ದಿನಾಂಕ ಸಮೇತ ದಾಖಲೆ ಇಡಬಲ್ಲವರು ಆ ಊರಿನವರಾದ ನೀವೇ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ಬಾಲ ಹೇಗಿತ್ತು, ಎಷ್ಟು ಹೊತ್ತಿಗೆ, ಯಾವ ಕಡೆಗೆ ಹೋಯಿತು. ತೋಳವೋ ನಾಯಿಯೋ ತಿಳಿಯದಿದ್ದರೆ ‘ತಿಳಿಯಲಿಲ್ಲ’ ಎಂದೇ ಬರೆಯಿರಿ. ಊರಿನ ಗುಂಪಿಗೆ ಮತ್ತೆ ಅಂಥ ವಿಡಿಯೋ ಬಂದಾಗ ಮೊದಲ ಉತ್ತರ ನಿಮ್ಮದಾಗಿರಲಿ.